ಮಳೆಯನ್ನೂ ತೂಗಿಸಿ ಕೊಂಡ ಸಾಹುಕಾರರು

ಶನಿವಾರದ ದಿನ ಹಸ್ಕೇಲ್ ಸಾಹುಕಾರರ ಕಿಸೆಯಲ್ಲಿ ಏನೂ ಇರುತ್ತಿರಲಿಲ್ಲ. ಕೊಟ್ಟೂರಿನಲ್ಲಿ ದೊಡ್ಡ ಎಣ್ಣೆ ಗಿರಣಿ ನಡೆಸುತ್ತಿದ್ದವರು, ಉಳಿದ ದಿನಗಳಲ್ಲಿ ಹೆಜ್ಜೆಗಿಂತ ಮೊದಲು ಬೀಗದ ಕೈಗೊಂಚಲಿನ ಸದ್ದೇ ಕೇಳಿಸುತ್ತಿದ್ದ ಮನುಷ್ಯ. ಶನಿವಾರ ಮಾತ್ರ ಬಿಳಿ ಧೋತರ, ಬಿಳಿ ಅಂಗಿ, ಕರಿ ಟೋಪಿ ಹಾಕಿಕೊಂಡು ಜಗಲಿಯ ಮೇಲೆ ಕೂತು, ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದರು. ವಂತಿಗೆ ಕೇಳಲು ಬಂದವರಿಗೆ ಎರಡೂ ಕಿಸೆ ಹೊರಗೆಳೆದು ತೋರಿಸುವರು.

"ನೋಡ್ರಿ, ಇವತ್ತು ನಾನೂ ಬಡವನ ಅದೀನಿ. ನಾಳಿ ಬರ್ರಿ."

ಅವರು ಯೆಹೂದಿಗಳು. ಅವರ ತಂದೆ ಕೊಂಕಣದ ಕಡಲ ದಂಡೆಯಿಂದ ನಮ್ಮ ಕಡೆಗೆ ಬಂದವರು. ಎಣ್ಣೆ ತೆಗೆಯುವುದು ಮನೆತನದ ಕಸುಬು. ಆ ಕಡೆ ಅವರ ಜನಕ್ಕೆ 'ಶನಿವಾರ ತೇಲಿ' ಎಂದು ಹೆಸರಂತೆ, ಅಂದರೆ ಶನಿವಾರ ಗಾಣ ಕಟ್ಟದ ಎಣ್ಣೆಯವರು. ಶೇಂಗಾ ಬೆಳೆಯುವ ನಮ್ಮ ಸೀಮೆ ಅವರಿಗೆ ಒಗ್ಗಿತು, ನೆಲೆ ನಿಂತರು. ಮಗನ ಕಾಲಕ್ಕೆ ಗಾಣ ಹೋಗಿ ಗಿರಣಿ ಬಂತು, ಆದರೆ ಶನಿವಾರ ಹಾಗೆಯೇ ಉಳಿಯಿತು. ಕೊಟ್ಟೂರಿನಲ್ಲಿ ಹುಟ್ಟಿದ ಹಸ್ಕೇಲ್ ಸಾಹುಕಾರರ ಕನ್ನಡಕ್ಕೆ ನಮ್ಮ ಕನ್ನಡಕ್ಕಿಂತ ಹೆಚ್ಚು ಊರಿನ ಮಣ್ಣು ಅಂಟಿತ್ತು.

ಯೆಹೂದಿ ಎಂದರೇನು ಎಂದು ನಮ್ಮಲ್ಲಿ ಯಾರಿಗೆ ಗೊತ್ತು? ಶನಿವಾರ ವ್ರತ ಹಿಡಿದವರು ಶನಿದೇವರ ಭಕ್ತರೇ ಇರಬೇಕೆಂದು ಊರು ತೀರ್ಮಾನಿಸಿಬಿಟ್ಟಿತ್ತು. ಒಮ್ಮೆ ಶನಿಮಹಾತ್ಮೆಯ ಕಥೆ ಓದಿಸುವ ಮಂಡಳಿಯವರು ಎಳ್ಳೆಣ್ಣೆ ಬಟ್ಟಲು ಹಿಡಿದು ಬಂದು, ನೀವೇ ಅಧ್ಯಕ್ಷರಾಗಬೇಕು ಎಂದು ಕೈಮುಗಿದರು. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ರೋ ಮಾರಾಯ್ರ, ನಿಮ್ಮ ದೇವ್ರು ಶನಿವಾರ ಕಷ್ಟ ಕೊಡ್ತಾನ, ನಮ್ಮ ದೇವ್ರು ರಜಾ ಕೊಡ್ತಾನ. ಇಬ್ರದೂ ಹ್ಯಾಂಗ ಹೊಂದತೈತಿ? ಕಥಿ ಕೇಳಾಕ ಬರ್ತೀನಿ, ಅಧ್ಯಕ್ಷಗಿರಿ ಒಲ್ಲೆ."

ಹೇಳಿದಂತೆ ಬಂದು ಕೂತು, ಕಥೆ ಮುಗಿಯುವವರೆಗೆ ಕೇಳಿ, ಓದಿದವನ ಗಂಟಲನ್ನು ಹೊಗಳಿ ಹೋದರು.

ಲಿಂಗಾಯತರ ಮನೆಗಳ ಊಟವೆಂದರೆ ಅವರಿಗೆ ಬಲು ಇಷ್ಟ. ಮಾಂಸವನ್ನೂ ಹಾಲು ಮೊಸರನ್ನೂ ಅವರು ಒಟ್ಟಿಗೆ ಉಣ್ಣುವಂತಿರಲಿಲ್ಲ. "ನಿಮ್ಮ ಮನ್ಯಾಗ ಏನೂ ಕೇಳೂದ ಬ್ಯಾಡ. ಕಣ್ಣು ಮುಚ್ಚಿ ಮೊಸರು ಹಾಕಿಸ್ಕೋಬೇಕು" ಎಂದು ನಮ್ಮ ಪಂಕ್ತಿಯಲ್ಲಿ ಕೂತು ಜೋಳದ ರೊಟ್ಟಿ, ಬದನೆಕಾಯಿ, ಗಟ್ಟಿ ಮೊಸರು ಸವಿಯುತ್ತಿದ್ದರು. ನನ್ನ ಹೆಂಡತಿ ನನಗೆ ಬಡಿಸುವುದಕ್ಕಿಂತ ಮುತುವರ್ಜಿಯಿಂದ ಅವರಿಗೆ ಬಡಿಸುತ್ತಿದ್ದಳು. ಈ ವಿಷಯದಲ್ಲಿ ನನಗೆ ಇಂದಿಗೂ ಸ್ವಲ್ಪ ಹೊಟ್ಟೆಕಿಚ್ಚು.

ಶುಕ್ರವಾರ ಹೊತ್ತು ಮುಳುಗುವ ಮುಂಚೆ ಗಿರಣಿಯ ಸದ್ದು ನಿಲ್ಲುತ್ತಿತ್ತು. ಅವರ ಹೆಂಡತಿ ರಿಬ್ಕಾಬಾಯಿ ದೀಪ ಹಚ್ಚುವರು. ಸಾಹುಕಾರರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ತಲೆಯ ಮೇಲೆ ಎರಡೂ ಕೈ ಇಟ್ಟು ತಮ್ಮ ಭಾಷೆಯಲ್ಲಿ ಹರಸುವರು. ಓಣಿಯ ಹುಡುಗರಿಗೆ ಇದು ಆಟದಂತೆ ಕಂಡು ಅವರೂ ಸಾಲಿಗೆ ಸೇರಿಕೊಂಡರು. ನನ್ನ ಮಗಳೂ ಇದ್ದಳು, ಪಿಂಜಾರರ ಹುಡುಗನೂ ಇದ್ದ. "ಸಾಲು ಬೆಳ್ಯಾಕ ಹತ್ತೈತಿ, ಸಾರು ತಣ್ಣಗಾಗಾಕ ಹತ್ತೈತಿ" ಎಂದು ರಿಬ್ಕಾಬಾಯಿ ಒಳಗಿನಿಂದ ಗೊಣಗಿದರೂ ಸಾಹುಕಾರರು ಒಂದು ತಲೆಯನ್ನೂ ಬಿಡುತ್ತಿರಲಿಲ್ಲ.

ಆದರೆ ಈ ಶನಿವಾರ ನನ್ನ ಕುತ್ತಿಗೆಗೇ ಬಂದ ಕಥೆಯೊಂದಿದೆ. ಎಪ್ಪತ್ತರ ದಶಕದ ಕೊನೆ. ನಾನು ಹೊಸದಾಗಿ ಶೇಂಗಾ ದಲ್ಲಾಳಿ ಅಂಗಡಿ ಹಾಕಿದ್ದೆ. ಚಿಗಟೇರಿಯ ಹನುಮಂತಪ್ಪ ನನ್ನ ಮಾತು ನಂಬಿ ಹೊಲದ ಅಷ್ಟೂ ಬೆಳೆಯನ್ನು ಸಾಹುಕಾರರ ಗಿರಣಿಗೆ ತಂದು ಸುರಿದಿದ್ದ. ನಮ್ಮಲ್ಲಿ ಮಾಲು ತಕ್ಕಡಿಗೆ ಏರುವ ತನಕ ರೈತನದು, ತೂಗಿದ ಮೇಲೆ ಗಿರಣಿಯದು. ಆ ಶುಕ್ರವಾರ ಗಾಡಿಗಳು ಬಹಳ ಬಂದಿದ್ದವು. ಹನುಮಂತಪ್ಪನ ರಾಶಿಯ ಸರದಿ ಬರುವಷ್ಟರಲ್ಲಿ ಹೊತ್ತು ಇಳಿಯಿತು. ಸಾಹುಕಾರರು ಕೈ ಎತ್ತಿ ತೂಕ ನಿಲ್ಲಿಸಿದರು.

"ಸಾವ್ಕಾರ್ರ, ಇನ್ನೊಂದೀಟು ಕೆಲ್ಸ ಐತ್ರಿ, ಮುಗಿಸಿಬಿಡ್ರಿ" ಎಂದೆ.

"ಕೊಟ್ರೇಶಿ, ಸೂರ್ಯನ್ನ ನಿಲ್ಸಾಕ ನನಗ ಬರಂಗಿಲ್ಲ. ತಕ್ಕಡಿ ನಿಲ್ಸಾಕ ಬರತೈತಿ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಹಲ್ಲು ಕಚ್ಚಿಕೊಂಡು ಮನೆಗೆ ಹೋದೆ. ಮರುದಿನ ಮಧ್ಯಾಹ್ನ ಉಚ್ಚಂಗಿದುರ್ಗದ ದಿಕ್ಕಿನಿಂದ ಕಪ್ಪು ಮೋಡ ಎದ್ದಿತು. ಶೇಂಗಾ ತೊಯ್ದರೆ ಬೂಸಲು ಹಿಡಿಯುತ್ತದೆ. ಹನುಮಂತಪ್ಪನ ವರ್ಷದ ದುಡಿಮೆ ಹೋಗುತ್ತದೆ, ಅದರ ಜೊತೆಗೆ ನನ್ನ ಹೆಸರೂ ಹೋಗುತ್ತದೆ. ಎದ್ದೆನೋ ಬಿದ್ದೆನೋ ಎಂದು ಸಾಹುಕಾರರ ಜಗಲಿಗೆ ಓಡಿದೆ.

"ಮೋಡ ನೋಡ್ರಿ ಸಾವ್ಕಾರ್ರ!"

"ನೋಡೀನಿ."

"ಹಮಾಲರಿಗೆ ಒಂದು ಮಾತು ಹೇಳ್ರಿ. ತಾಡಪಾಲು ನಿಮ್ಮ ಗೋದಾಮಿನಾಗ ಅದಾವು."

"ಇವತ್ತು ನಾ ಕೆಲ್ಸ ಮಾಡಂಗಿಲ್ಲ, ಇನ್ನೊಬ್ರ ಕಡಿಂದ ಮಾಡ್ಸಂಗೂ ಇಲ್ಲ." ಆಮೇಲೆ ಆಕಾಶದ ಕಡೆ ಮುಖ ಮಾಡಿ, ಯಾರಿಗೋ ಹೇಳುವವರಂತೆ ಅಂದರು: "ಗೋದಾಮಿಗೆ ಬೀಗ ಹಾಕಿಲ್ಲ. ಇದು ಕೆಲ್ಸದ ಮಾತಲ್ಲ ಮತ್ತ, ಸುಮ್ನ ಸುದ್ದಿ."

ನಾನು ಮನೆಯ ಪಕ್ಕದಲ್ಲೇ ಇದ್ದ ಗಿರಣಿಗೆ ಓಡಿದರೆ, ಬೇವಿನ ಮರದ ಕೆಳಗೆ ಚೌಕಾಬಾರ ಆಡುತ್ತಿದ್ದ ಹಮಾಲರು ಆಗಲೇ ಎದ್ದಿದ್ದರು. ಶನಿವಾರದ ಕೂಲಿಯನ್ನು ದುಡಿಯದೆಯೂ ಕೊಡುತ್ತಿದ್ದ ಮಾಲೀಕರ ಮೇಲೆ ಅವರಿಗೆ ಪ್ರಾಣ. "ಅವ್ರೂ ಹೇಳಿಲ್ಲ, ನಾವೂ ಕೇಳಿಲ್ಲ. ನಡೀರ್ಲೇ!" ಎಂದು ಹಿರಿಯ ಹಮಾಲ ಕೂಗಿದ. ತಾಡಪಾಲು ಹೊದಿಸುವಷ್ಟರಲ್ಲಿ ಮಳೆ ಹೊಡೆಯಿತು. ಅಂಚಿನಲ್ಲಿದ್ದ ಹನುಮಂತಪ್ಪನ ರಾಶಿಯ ಮೇಲಿನ ಹೊದಿಕೆ ಗಾಳಿಗೆ ಹಾರಿಹೋಗಿ, ರಾಶಿಯೆಲ್ಲ ತೊಯ್ದು ತೊಪ್ಪೆಯಾಯಿತು.

ತಿರುಗಿ ನೋಡಿದರೆ ಗೇಟಿನ ಹತ್ತಿರ ಸಾಹುಕಾರರು ನಿಂತಿದ್ದರು. ಕೊಡೆ ಬಿಚ್ಚುವುದೂ ಅವರ ಲೆಕ್ಕದಲ್ಲಿ ಕೆಲಸವೇ. ಶನಿವಾರದ ಬಿಳಿ ಬಟ್ಟೆ ಮೈಗೆ ಅಂಟಿತ್ತು.

"ಒಳಗರ ಬರ್ರಿ!" ಎಂದು ರಿಬ್ಕಾಬಾಯಿ ಬಾಗಿಲಿನಿಂದ ಕೂಗಿದರು.

"ಅವನ ಮಾಲು ನೆನಿಯಾಕ ಹತ್ತೈತಿ. ನಾ ಒಳಗ ಹ್ಯಾಂಗ ಕುಂದ್ರಲಿ?"

ಅವರನ್ನು ಬೈಯಬೇಕೆಂದು ಗೇಟಿನವರೆಗೂ ಹೋಗಿದ್ದೆ, ಆದರೆ ಮಳೆ ನಿಲ್ಲುವ ತನಕ ಅವರ ಪಕ್ಕದಲ್ಲಿ ನಾನೂ ನೆನೆಯುತ್ತ ನಿಂತೆ.

ಭಾನುವಾರ ಬೆಳಗಾಗುತ್ತಲೇ ಸಾಹುಕಾರರ ಬೀಗದ ಕೈಗೊಂಚಲಿನ ಸದ್ದು ಬಂತು. ಹನುಮಂತಪ್ಪ ರಾಶಿಯ ಪಕ್ಕ ತಲೆ ತಗ್ಗಿಸಿ ಕೂತಿದ್ದ. ಅರ್ಧ ಬೆಲೆಯಾದರೂ ಸಿಕ್ಕೀತೇ ಎಂದು ನಾನು ಚೌಕಾಸಿಗೆ ಮಾತು ಜೋಡಿಸಿಕೊಳ್ಳುತ್ತಿದ್ದೆ. ಸಾಹುಕಾರರು ಕುಕ್ಕರಗಾಲಿನಲ್ಲಿ ಕೂತು, ಒಂದು ಕಾಯಿ ಒಡೆದು ನೋಡಿ ಎದ್ದರು.

"ತಕ್ಕಡಿಗೆ ಹಾಕ್ರಿ. ಶುಕ್ರವಾರದ ದರ."

"ಸಾವ್ಕಾರ್ರ, ಒಣಗಿದ ಮ್ಯಾಲರ ತೂಗ್ರಿ. ನೀರೂ ತೂಕಕ್ಕ ಬರತೈತಿ!" ಎಂದುಬಿಟ್ಟೆ. ರೈತನ ಪರ ಮಾತಾಡಬೇಕಾದ ದಲ್ಲಾಳಿ ನಾನು, ಗಿರಣಿಯ ಪರ ಕೂಗಿದ್ದೆ.

"ಬರ್ಲಿ. ತಕ್ಕಡಿ ನಿಲ್ಸಿದಾವ ನಾನು. ಅವಾಗಿಂದ ಈ ಮಾಲು ನಂದು, ಮ್ಯಾಲ ಬಿದ್ದ ಮಳಿನೂ ನಂದು. ಶನಿವಾರ ನಂದಾದ ಮ್ಯಾಲ ಅದರ ಖರ್ಚು ಇನ್ನೊಬ್ಬನ ಮ್ಯಾಲ ಹಾಕ್ಲೇನು?"

ಹನುಮಂತಪ್ಪ ಅತ್ತ. ನನ್ನ ಕಣ್ಣೂ ಒದ್ದೆಯಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ರಿಬ್ಕಾಬಾಯಿ ಮಾತ್ರ, "ಈ ಮನುಷ್ಯಾ ಶನಿವಾರ ಒಂದು ಕಡ್ಡಿಪೆಟ್ಟಿಗೀನೂ ಕೊಳ್ಳಂಗಿಲ್ಲ, ಮಳೀನ ಕೊಂಡಾನ ನೋಡ್ರಿ" ಎನ್ನುತ್ತ, ಬೆಲ್ಲ ಕಾಯಿತುರಿ ಕಲೆಸಿದ ಅವಲಕ್ಕಿಯನ್ನು ಹಮಾಲರಿಂದ ಹಿಡಿದು ಎಲ್ಲರಿಗೂ ಹಂಚಿದರು. ಅದಕ್ಕೆ ಅವರ ಮನೆಯಲ್ಲಿ ಮಲಿದಾ ಎನ್ನುತ್ತಾರೆ. ಆಮೇಲೆ, ಸಾಹುಕಾರರಿಗೆ ಮತ್ತೆ ಅಂಥ ನಷ್ಟ ಆಗಬಾರದೆಂದು, ಚಿಗಟೇರಿಯ ಕಡೆಯವರು ಶುಕ್ರವಾರ ಮಧ್ಯಾಹ್ನದ ಮೇಲೆ ಕೊಟ್ಟೂರಿಗೆ ಗಾಡಿ ಕಟ್ಟಲಿಲ್ಲ.

ಸಾಹುಕಾರರು ತುಂಬು ಬಾಳು ಬಾಳಿದರು. ಮೊಮ್ಮಕ್ಕಳೂ ಶುಕ್ರವಾರದ ಸಾಲಿಗೆ ಬಂದರು. ತೊಂಬತ್ತರ ದಶಕದ ಹೊತ್ತಿಗೆ ಗಿರಣಿ ಮಗ ದಾವೀದನ ಕೈಗೆ ಹೋಯಿತು. ಕಣ್ಣು ಮಂಜಾದ ಮುದುಕರು ಗಿರಣಿಗೆ ಅಂಟಿದ ಕೋಣೆಯಲ್ಲಿ ಮಲಗಿ, ಸದ್ದಿನಿಂದಲೇ ವಾರ ತಿಳಿಯುತ್ತಿದ್ದರು. ತೊಂದರೆ ಕೊಟ್ಟದ್ದು ವಿದ್ಯುತ್ತು. ಹೊತ್ತು ಗೊತ್ತಿಲ್ಲದೆ ಕರೆಂಟ್ ಹೋಗಿ ಗಿರಣಿ ನಿಲ್ಲುವುದು, ಇವರು ಎದ್ದು ಕೂತು ಬಿಳಿ ಅಂಗಿ ಕೇಳುವುದು. "ಅಪ್ಪಾ, ಶುಕ್ರವಾರ ಅಲ್ಲ, ಕರೆಂಟ್ ಹೋಗೇತಿ" ಎಂದು ದಾವೀದ ನಗುವನು. "ಸರ್ಕಾರದವ್ರು ನಮಗಿಂತ ಭಕ್ತರಾಗ್ಯಾರ ಬಿಡು, ವಾರಕ್ಕ ಮೂರು ಶನಿವಾರ ಮಾಡ್ತಾರ" ಎಂದು ಇವರು ಮತ್ತೆ ಮಲಗುವರು.

ಕೊನೆಯ ಸಲ ನಾನು ನೋಡಲು ಹೋದಾಗ ಬುಧವಾರ. ಮಾತಾಡುತ್ತ ಕೂತಾಗಲೇ ಕರೆಂಟ್ ಹೋಯಿತು.

"ಶುಕ್ರವಾರ ಆತೇನೋ ಕೊಟ್ರೇಶಿ?"

ನಾನು ನಗುತ್ತ ಬಾಯಿ ತೆರೆದೆ. ರಿಬ್ಕಾಬಾಯಿ ಬೇಡವೆಂದು ಕಣ್ಣಲ್ಲೇ ತಡೆದರು. "ಹೌದು, ಆತು" ಎಂದು ತಾವೇ ಹೇಳಿ ದೀಪ ಹಚ್ಚಿದರು.

"ಮತ್ತ ಹುಡುಗ್ರು ಎಲ್ಲಿ?" ಅವರ ಕೈ ಗಾಳಿಯಲ್ಲಿ ತಲೆ ಹುಡುಕುತ್ತಿತ್ತು.

"ಇಲ್ಲೇ ಅದೀನ್ರಿ" ಎಂದು, ಮಗಳ ಮದುವೆ ಮಾಡಿದ್ದ ನಾನು ಮಂಚದ ಪಕ್ಕ ಬಗ್ಗಿದೆ. ಎರಡೂ ಕೈ ತಲೆಯ ಮೇಲೆ ಬಂದವು. ಇಷ್ಟು ವರ್ಷ ಆ ಸಾಲಿನಲ್ಲಿ ನಾನು ಯಾಕೆ ನಿಲ್ಲಲಿಲ್ಲವೋ ಎಂದು ಬಹಳ ಸಂಕಟವಾಯಿತು.

ಮುಂದಿನ ಸೋಮವಾರ ನಸುಕಿನಲ್ಲಿ ಅವರು ಹೋದರು. ದಾವೀದ ಗಿರಣಿ ನಿಲ್ಲಿಸಿದ. ನಾನು ಆ ಜಗಲಿಯ ಮೇಲೆ, ಅವರು ಕೂರುತ್ತಿದ್ದ ಜಾಗ ಬಿಟ್ಟು, ಪಕ್ಕಕ್ಕೆ ಕೂತಿದ್ದೆ. ಅಷ್ಟರಲ್ಲಿ ಹನುಮಂತಪ್ಪನ ಗಾಡಿ ಬಂತು, ತುಂಬ ಶೇಂಗಾ ಚೀಲ. ಗಿರಣಿಯ ಸದ್ದಿಲ್ಲದ್ದು ಕಂಡು ಅವನು ಗಲಿಬಿಲಿಗೊಂಡ.

"ದಲ್ಲಾಳ್ರ, ನಾ ವಾರ ತಪ್ಪಿ ಬಂದೆನೇನ್ರಿ? ಇವತ್ತು ಶನಿವಾರ ಏನು?"

ನಾನು ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿದೆ.

"ಹೌದು ಹನುಮಂತಪ್ಪ. ಇವತ್ತು ಶನಿವಾರ."

ಅವನು ನನ್ನ ಮುಖ ನೋಡಿದ, ತೆರೆದ ಬಾಗಿಲು ನೋಡಿದ. ಎತ್ತು ಬಿಚ್ಚಿ, ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಬಂದು ನನ್ನ ಪಕ್ಕ ಕೂತ.