ಏಳನೇ ತರಗತಿಯಲ್ಲಿ ಒಬ್ಬಳೇ

ಆ ಜೂನ್‌ನಲ್ಲಿ ಹಾಜರಿ ಪುಸ್ತಕ ತೆರೆದಾಗ ಏಳನೇ ತರಗತಿಗೆ ಇದ್ದದ್ದು ಒಂದೇ ಹೆಸರು. ಹಿಂದಿನ ವರ್ಷ ಆರನೇ ತರಗತಿಯಲ್ಲಿ ಮೂವರಿದ್ದರು. ಇಬ್ಬರನ್ನು ಮನೆಯವರು ವ್ಯಾನ್ ಬರುವ ಶಾಲೆಗೆ ಸೇರಿಸಿದರು. ಉಳಿದವಳು ಕುರಿ ಸಾಕುವವರ ಮನೆಯ ಹುಡುಗಿ.

ನಾನು ವೈ.ಎನ್.ಹೊಸಕೋಟೆ ಹತ್ತಿರದ ಆ ಶಾಲೆಗೆ ಸಮಾಜ ವಿಜ್ಞಾನ ಹೇಳಿಕೊಡಲು ಬಂದು ಆಗಿನ್ನೂ ಒಂದು ವರ್ಷ. ಮಧುಗಿರಿಯಲ್ಲಿ ಅಮ್ಮ ತೀರಿಕೊಂಡ ಮೇಲೆ ಅಲ್ಲೇ ಇರಲು ಕಾರಣವೇನೂ ಕಾಣದೆ ವರ್ಗ ತೆಗೆದುಕೊಂಡಿದ್ದೆ. ಮದುವೆಯಾಗಿರಲಿಲ್ಲ. ಹೊಸಕೋಟೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಶಾಲೆ ಬಿಟ್ಟು ಬಂದರೆ ಮರುದಿನ ಬೆಳಿಗ್ಗೆವರೆಗೆ ಮಾತಾಡುವ ಪ್ರಮೇಯವೇ ಬರುತ್ತಿರಲಿಲ್ಲ.

ಒಬ್ಬಳಿಗೇ ಪಾಠ ಮಾಡುವುದು ಸುಲಭ ಎಂದುಕೊಂಡಿದ್ದೆ. ಮೊದಲ ವಾರದಲ್ಲೇ ಸೋತೆ. ಬೋರ್ಡಿನ ಮುಂದೆ ನಿಂತು ಎಂದಿನಂತೆ ಗಟ್ಟಿಯಾಗಿ ಮಾತಾಡಿದರೆ ಖಾಲಿ ಬೆಂಚುಗಳಿಗೆ ಬೈದ ಹಾಗೆ ಕೇಳಿಸುತ್ತಿತ್ತು. ಅವಳ ಕಣ್ಣನ್ನೇ ನೋಡುತ್ತಾ ಮುಕ್ಕಾಲು ಗಂಟೆ ಪಾಠ ಮಾಡಲು ನನಗೂ ಮುಜುಗರ, ಅವಳಿಗೂ.

"ಎಲ್ಲಾ ಪ್ರಶ್ನೆನೂ ನನ್ನೇ ಕೇಳಿದ್ರೆ ಹೆಂಗೆ ಮಿಸ್? ಒಂದ್ಗಳಿಗೆ ಸುಮ್ಕೆ ಕುಂತ್ಕಳಕ್ಕೂ ಆಗಾಕಿಲ್ಲ," ಅಂದಳು ಒಂದು ದಿನ. ದೂರಿನ ದನಿಯಲ್ಲ, ಇದ್ದದ್ದನ್ನು ಹೇಳಿದ್ದಳು ಅಷ್ಟೇ.

ಮರುದಿನದಿಂದ ನಾನು ಅವಳ ಬೆಂಚಿನಲ್ಲೇ ಕೂರತೊಡಗಿದೆ. ಡೆಸ್ಕಿನ ಮೇಲೆ ಗ್ಲೋಬು. ಉತ್ತರ ಅಮೆರಿಕ, ದಕ್ಷಿಣ ಅಮೆರಿಕ ಮುಗಿಸಿ ಆಸ್ಟ್ರೇಲಿಯಾಕ್ಕೆ ಬಂದೆವು. ಕುರಿಯ ವಿಷಯ ಬಂದಾಗ ಅವಳೇ ನನಗೆ ಹೇಳಿಕೊಟ್ಟಳು ಅನ್ನಬೇಕು. ಉಣ್ಣೆ ಕತ್ತರಿಸುವಾಗ ಕುರಿಯನ್ನು ಹೇಗೆ ಕೆಡವಿ ಹಿಡಿಯಬೇಕೆಂದು ನನ್ನ ಬ್ಯಾಗನ್ನೇ ಮೊಣಕಾಲ ನಡುವೆ ಒತ್ತಿಕೊಂಡು ತೋರಿಸಿದಳು. ಪುಸ್ತಕದಲ್ಲಿಲ್ಲದ್ದನ್ನೂ ನಾನು ಹೇಳುತ್ತಿದ್ದೆ. ಅಲ್ಲಿ ಒಳನಾಡಿನ ಕುರಿ ಫಾರಂಗಳಲ್ಲಿ ಮನೆಗಳು ಬಹಳ ದೂರ ದೂರ, ಶಾಲೆಗೆ ಹೋಗಲಾಗದ ಮಕ್ಕಳಿಗೆ ಹಿಂದೆ ರೇಡಿಯೊದಲ್ಲೇ ಪಾಠ ನಡೆಯುತ್ತಿತ್ತು ಎಂದೆ.

ಅವಳು ಯೋಚಿಸಿ ಕೇಳಿದಳು, "ಆ ಮಕ್ಳ ಪಕ್ದಾಗೆ ಯಾರು ಕುಂತ್ಕಂತಾರೆ ಮಿಸ್?"

"ಯಾರೂ ಇಲ್ಲ, ಒಬ್ಬೊಬ್ಬರೇ," ಅಂದೆ. ಅವಳು ತಲೆಯಾಡಿಸಿ ನಕ್ಷೆಗೆ ಬಣ್ಣ ತುಂಬತೊಡಗಿದಳು. ನಾನು ಪಕ್ಕದಲ್ಲೇ ಇದ್ದೆನಲ್ಲ, ಆ ಪ್ರಶ್ನೆ ನಮ್ಮ ತರಗತಿಯದೂ ಹೌದೆಂದು ನನಗೆ ಹೊಳೆಯಲಿಲ್ಲ.

ಆಗಸ್ಟ್‌ನಲ್ಲಿ ಮಧುಗಿರಿಯಲ್ಲಿ ರಸಪ್ರಶ್ನೆ ಸ್ಪರ್ಧೆ ಏರ್ಪಾಟಾಯಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಲೆಗಳು. ವಿಷಯ ಪ್ರಪಂಚದ ಭೂಗೋಳ. ತಂಡಕ್ಕೆ ಏಳನೇ ತರಗತಿಯ ಇಬ್ಬರು. "ಇರೋದೇ ಒಬ್ಳು, ಬಿಟ್ಬುಡಿ ಮೇಡಂ," ಅಂದರು ಹೆಡ್‌ಮಾಸ್ಟರು. ನಾನು ಬಿಡಲಿಲ್ಲ. ಬೆಳಿಗ್ಗೆ ಪಾವಗಡಕ್ಕೆ ಹೋಗಿ ಅಲ್ಲಿಂದ ಮಧುಗಿರಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ದೇಶ, ರಾಜಧಾನಿ ಒಪ್ಪಿಸಿದಳು. ಮಧುಗಿರಿ ಬೆಟ್ಟ ಕಂಡ ಕೂಡಲೇ ಅದನ್ನು ಬಿಟ್ಟು ಕಿಟಕಿಗೆ ಮುಖ ಒತ್ತಿದಳು.

ಹೆಸರು ಬರೆದುಕೊಳ್ಳುತ್ತಿದ್ದವರು ಒಬ್ಬಳನ್ನು ಕೂರಿಸಲು ಬರುವುದಿಲ್ಲ ಎಂದರು. ವಾದ ಮಾಡುತ್ತಾ ನಿಂತಿದ್ದಾಗ ಶಿರಾದ ಒಬ್ಬ ಮೇಷ್ಟ್ರು ಬಂದರು. ಅವರ ತಂಡದ ಒಬ್ಬ ಹುಡುಗಿಗೆ ಜ್ವರವಂತೆ. ಇನ್ನೊಬ್ಬಳು ದುಪಟ್ಟಾ ಸರಿಮಾಡಿಕೊಳ್ಳುತ್ತಾ ಅವರ ಹಿಂದೆ ನಿಂತಿದ್ದಳು. ಇಬ್ಬರನ್ನೂ ಸೇರಿಸಿ ಒಂದು ತಂಡ ಎಂದು ಬರೆದುಕೊಂಡರು. ಶಿರಾದ ಹುಡುಗಿ ನಮ್ಮವಳ ಕೈ ಹಿಡಿದು, "ಬಾ, ಹೆದ್ರಬೇಡ, ನಂಗೂ ಎಲ್ಲಾ ಬರಲ್ಲ," ಎಂದು ಎಳೆದುಕೊಂಡು ಹೋದಳು.

ಪ್ರಪಂಚದ ಅತಿ ಉದ್ದದ ಪರ್ವತ ಶ್ರೇಣಿ ಯಾವುದು ಎಂದು ಅವರನ್ನು ಕೇಳಿದರು. ನಮ್ಮವಳಿಗೆ ಗೊತ್ತಿತ್ತು. ಆಂಡೀಸ್ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಆದರೆ ಹೇಳಲಿಲ್ಲ. ಪಕ್ಕದವಳ ಕಿವಿಗೆ ಬಾಗಿ ಏನೋ ಪಿಸುಗುಟ್ಟಿದಳು, ಅವಳು ತಿರುಗಿ ಪಿಸುಗುಟ್ಟಿದಳು, ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ಮುಂದಿನ ಪ್ರಶ್ನೆಗೂ ಹಾಗೇ. ಗೊತ್ತಿದ್ದ ಉತ್ತರವನ್ನು ಕೈಯಲ್ಲಿಟ್ಟುಕೊಂಡು ಅವಳು ಇನ್ನೊಬ್ಬಳನ್ನು ಕೇಳುತ್ತಿದ್ದಳು. ಎರಡು ತಿಂಗಳಿಂದ ದಿನವೂ ಅವಳ ಪಕ್ಕ ಕೂತಿದ್ದೆ. ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಬಹುಮಾನ ಬರಲಿಲ್ಲ. ವಾಪಸು ಬರುವಾಗ, "ಅವಳ ಕ್ಲಾಸಾಗೆ ಬೋ ಜನ ಅವ್ರಂತೆ ಮಿಸ್, ಬೆಂಚಿಗೆ ನಾಕ್ನಾಕು ಜನ ಕುಂತ್ಕಂತಾರಂತೆ, ಜಾಗ ಸಾಲ್ದೆ ಜಗಳಾನೂ ಆಡ್ತಾರಂತೆ," ಎಂದು ಪಾವಗಡದವರೆಗೂ ಅದನ್ನೇ ಹೇಳಿದಳು. ನಾನು ಹೂಂಗುಟ್ಟಿದೆ. ನನ್ನ ಊರಿಗೇ ಹೋಗಿ ಯಾರ ಮನೆಗೂ ಹೋಗದೆ ಬಂದಿದ್ದೆ ಎಂಬುದು ಆಗ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ನಾವಿಬ್ಬರೂ ಒಬ್ಬರಿಗೊಬ್ಬರು ಸಾಕು ಎಂದುಕೊಂಡಿದ್ದವಳು ನಾನೊಬ್ಬಳೇ ಎಂದು ತಿಳಿದು ನೋವಾಯಿತು. ಹದಿಮೂರರ ಹುಡುಗಿಯ ಮೇಲೆ ಮುನಿಸಿಕೊಂಡಿದ್ದಕ್ಕೆ ನಾಚಿಕೆಯೂ ಆಯಿತು.

ವಾರ ಬಿಟ್ಟು ಅವರ ಮನೆಗೆ ಹೋದೆ. ಅವಳ ಅಪ್ಪ ಕುರಿಗಳನ್ನು ರೊಪ್ಪದೊಳಕ್ಕೆ ಬಿಡುತ್ತಿದ್ದರು. ಅವಳ ಅತ್ತೆ ಶಿರಾದಲ್ಲಿರುವುದು ನನಗೆ ಗೊತ್ತಿತ್ತು.

"ಅತ್ತೆ ಮನೇಲಿ ಬಿಟ್ಟು ಅಲ್ಲೇ ಸೇರಿಸಿ. ಇಲ್ಲಿ ಓದಿಗೇನೂ ಕಮ್ಮಿಯಿಲ್ಲ, ಆದ್ರೆ ಜೊತೆಗೆ ಯಾರೂ ಇಲ್ಲ," ಎಂದೆ.

"ಟೀಚರ್ರೇ ಬಂದು ಕರ್ಕಂಡೋಗು ಅಂತೀರಲ್ಲ ಮೇಡಮ್ಮ, ಇದ್ಯಾವ ನ್ಯಾಯ," ಅಂದರು ಅವರು. ಆಮೇಲೆ ಮೆಲ್ಲಗೆ, "ಪಾಪ ಮನೇಲೂ ಒಂದೇ ಆಡ್ಕಂತದೆ," ಅಂದರು.

ಹೆಡ್‌ಮಾಸ್ಟರಿಗೆ ಸಿಟ್ಟು ಬಂತು. ಮಕ್ಕಳು ಕಮ್ಮಿಯಾದರೆ ನನ್ನ ಹುದ್ದೆಯನ್ನೇ ಹೆಚ್ಚುವರಿ ಎಂದು ಬರೆದು ಇನ್ನೆಲ್ಲಿಗೋ ಕಳಿಸಬಹುದು ಎಂದರು. ಅದು ನನಗೂ ಗೊತ್ತಿತ್ತು. ದಸರಾ ರಜೆ ಮುಗಿದ ಮೇಲೆ ಅವಳ ಅಪ್ಪ ಒಪ್ಪಿಕೊಂಡು ಬಂದಾಗ ಟಿ.ಸಿ.ಯನ್ನು ನಾನೇ ಬರೆದೆ. ಅವಳು ಹೋಗುವಾಗ ಕಾಲು ಮುಟ್ಟಲು ಬಂದಳು, ನಾನು ಬೇಡ ಅಂದೆ.

ಅಂಟಾರ್ಟಿಕದ ಪಾಠ ಹಾಗೇ ಉಳಿಯಿತು. ಆ ಅವಧಿಯಲ್ಲಿ ಈಗ ಆರನೇ ತರಗತಿಯವರ ನೋಟ್ಸ್ ತಿದ್ದುತ್ತೇನೆ. ವರ್ಗದ ಆದೇಶ ಇನ್ನೂ ಬಂದಿಲ್ಲ.

ಒಂದು ಭಾನುವಾರ ಅವಳು ಅತ್ತೆಯ ಫೋನಿನಿಂದ ಕರೆ ಮಾಡಿದಳು. ಊಟ ಆಯ್ತಾ ಮಿಸ್, ಅಂದಳು. ಆಯ್ತು ಅಂದೆ, ಆಗಿರಲಿಲ್ಲ. ಹಿಂದೆ ಯಾರೋ ಹುಡುಗಿಯರು ಅವಳ ಹೆಸರು ಹಿಡಿದು ಕೂಗುತ್ತಿದ್ದರು. "ಕರೀತಾವ್ರೆ, ಇಡ್ಲಾ ಮಿಸ್?" ಅಂದಳು.

"ಹೋಗು," ಅಂದೆ. ಫೋನನ್ನು ಚಾರ್ಜಿಗೆ ಹಾಕಿ, ಒಂದು ಪಾವು ಅಕ್ಕಿ ತೊಳೆದು ಅನ್ನಕ್ಕಿಟ್ಟೆ.