ಅಳಬಾರದ ವರ್ಗ

ಇಳಕಲ್ಲಿನ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕೈದು ವರ್ಷದ ಕೂಸುಗಳಿಗೆ ಕಲಿಸಲು ಬಂದ ಅಕ್ಕೋರು ಯಾರೂ ಬಹಳ ದಿನ ನಿಲ್ಲುತ್ತಿರಲಿಲ್ಲ. ನನಗಿಂತ ಮೊದಲಿದ್ದಾಕೆ ಹೇಳದೆ ಕೇಳದೆ ತವರಿಗೆ ಹೋಗಿಬಿಟ್ಟಿದ್ದಳಂತೆ. ಯಾಕೆಂಬುದು ಮೊದಲ ದಿನವೇ ತಿಳಿಯಿತು. ಹೆಡ್‌ಮಾಸ್ತರ ಬೈಯುವ ಮೊದಲು ಒಮ್ಮೆ ಕೆಮ್ಮುತ್ತಿದ್ದ. ಪಡಸಾಲೆಯಲ್ಲಿ ಆ ಕೆಮ್ಮು ಕೇಳಿದರೆ ಸಾಕು, ಹೇಳಿಸುತ್ತಿದ್ದ ಅಕ್ಷರ ಅರ್ಧಕ್ಕೇ ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಆದರೆ ಎಲ್ಲಿಗೆ ಹೋಗಲಿ? ಗಂಡ ಸತ್ತವಳು, ಅಣ್ಣನ ಮನೆಯಲ್ಲಿದ್ದವಳು. ನೌಕರಿ ಹೋದರೆ ಅತ್ತಿಗೆಯ ಒಲೆಯ ಮುಂದೆ ಮುಗಿಯಿತು ನನ್ನ ಜನ್ಮ.

ಡೆಪ್ಯುಟಿ ಸಾಹೇಬರು ಶಾಲೆಯ ತಪಾಸಣೆಗೆ ಬರುವ ಹಿಂದಿನ ದಿನ ಕೆಮ್ಮು ಕೇಳಿತು.

"ನಾಳೆ ಒಂದು ಕೂಸು ಅತ್ತರೂ ನಿಮ್ಮ ನೌಕರಿ ಇರೂದಿಲ್ಲ. ಮನಿಮನಿಗೆ ಹೋಗಿ ತಾಯಂದಿರಿಗೆ ಹೇಳಿ ಬರ್ರಿ."

ಹೇಳಿ ಬಂದೆ. ನೇಕಾರರ ಓಣಿಯ ತಾಯಂದಿರು ಹೂಂ ಅಂದರು.

ಮರುದಿನ ಸಾಹೇಬರು ದೊಡ್ಡ ಹುಡುಗಿಯರಿಗೆ ಪ್ರಶ್ನೆ ಕೇಳುತ್ತಿದ್ದರು. ನನ್ನ ಮಕ್ಕಳು ಉಸುಕಿನ ಮೇಲೆ ಅಕ್ಷರ ತಿದ್ದುತ್ತಿದ್ದವು. ಎಲ್ಲರಿಗಿಂತ ಅಳುಬುರುಕಿಯಾದ ಒಂದು ಕೂಸು ಮಾತ್ರ ಗೋಡೆಗೆ ಒರಗಿ ಮಲಗಿತ್ತು. ಎಬ್ಬಿಸಿದೆ. ಏಳಲಿಲ್ಲ. ಕೈ ಎತ್ತಿ ಬಿಟ್ಟರೆ ತೊಪ್ಪನೆ ಬಿತ್ತು. ತುಟಿ ಬಣ್ಣಗೆಟ್ಟಿತ್ತು. ಅಫೀಮೇ ಇರಬೇಕು, ಎಂದು ಹೊಳೆಯಿತು. ಮಗ್ಗದ ಕೆಲಸ ನಿಲ್ಲಬಾರದೆಂದು ಸಣ್ಣ ಮಕ್ಕಳಿಗೆ ಸಾಸಿವೆಯಷ್ಟು ಅಫೀಮು ನೆಕ್ಕಿಸಿ ಮಲಗಿಸುವುದು ಆ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದೇ.

ಬಾಗಿಲಲ್ಲಿ ಹೆಡ್‌ಮಾಸ್ತರ ಬಂದು ನಿಂತ.

"ಕೂಸು ಏಳವಲ್ದರಿ," ಎಂದೆ.

"ಮಲಗಿದ್ದು ಚೊಲೋನ ಆತು. ಏನರ ಹೊಚ್ಚಿ ಸುಮ್ಮನಿರ್ರಿ. ಸಾಹೇಬ್ರು ಬರಾಕತ್ತಾರ."

ಹೇಗೆ ಎದ್ದೆನೋ ಗೊತ್ತಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಸಾಹೇಬರ ಎದುರಿಗೇ ಹಾಯ್ದು ಅದರ ಮನೆಗೆ ಓಡಿದೆ. ಹಿಂದೆ ಕೆಮ್ಮು ಕೇಳಿತು. ಹಾಳಾಗಿ ಹೋಗಲಿ, ಎಂದುಕೊಂಡೆ.

"ಅಳಬಾರದು ಅಂದಿದ್ರಲ್ಲರೀ ಅಕ್ಕೋರ, ಅದಕ್ಕ ಚೂರು ಜಾಸ್ತಿನ ಕೊಟ್ಟೆ," ಎಂದು ತಾಯಿ ಎದೆ ಬಡಿದುಕೊಂಡಳು. ಪಕ್ಕದ ಮನೆಯ ಹಕೀಮರು ಗಂಟಲಲ್ಲಿ ಗರಿ ಆಡಿಸಿ ಕಕ್ಕಿಸಿದರು. ನಾನು ಕೆನ್ನೆ ತಟ್ಟುತ್ತ ಉಸಿರನ್ನೇ ನೋಡುತ್ತ ಕುಳಿತೆ. ನಿಂತರೆ? ನಿಂತೇ ಹೋದರೆ? ಇಳಿಹೊತ್ತಿಗೆ ಕೂಸು ಓಣಿಗೆಲ್ಲ ಕೇಳುವಂತೆ ಅತ್ತಿತು. ನಾನೂ ಅತ್ತೆ.

ನೌಕರಿ ಹೋಯಿತೆಂದು ಹೇಳಲು ಸಂಜೆ ಜವಾನ ಬಂದಿದ್ದ. ಅವನು ಬಾರದಿದ್ದರೂ ನಾನು ಆ ಶಾಲೆಯ ಮೆಟ್ಟಿಲು ಮತ್ತೆ ಹತ್ತುತ್ತಿರಲಿಲ್ಲ.

ಮುಂದೆ ಬಾಗಲಕೋಟೆಯಲ್ಲಿ ಕೆಲಸ ಸಿಕ್ಕಿತು, ಅದೂ ಚಿಕ್ಕ ಮಕ್ಕಳ ವರ್ಗವೇ. ತಪಾಸಣೆಯ ಬೆಳಿಗ್ಗೆ ಅಲ್ಲಿಯ ಹೆಡ್‌ಮಾಸ್ತರರು, ವಯಸ್ಸಾದವರು, ನನ್ನ ವರ್ಗಕ್ಕೆ ಬಂದಾಗ ನಾನು ಒಂದೊಂದೇ ಕೂಸಿನ ಕೈ ಎತ್ತಿ ಬಿಟ್ಟು ನೋಡುತ್ತಿದ್ದೆ.

"ಯಾಕ ಹಿಂಗ ಅಂಜಾಕತ್ತೀರಿ ಅಕ್ಕೋರ?"

"ಸಾಹೇಬ್ರ ಮುಂದ ಇವು ಅತ್ತರ ಏನ್ ಮಾಡ್ಲಿರಿ?"

"ಅಳಲಿ ಬಿಡ್ರಿ. ಅವು ಅಳದ ಮತ್ತ್ಯಾರು ಅಳಬೇಕು? ಸಾಹೇಬ್ರಿಗೆ ನಾ ಹೇಳ್ತೇನಿ," ಎಂದು ಅವರು ಮಕ್ಕಳ ನಡುವೆ ಉಸುಕಿನಲ್ಲೇ ಕುಳಿತುಬಿಟ್ಟರು.

ಆ ಶಾಲೆಯಲ್ಲೇ ನನ್ನ ಕೂದಲು ಬೆಳ್ಳಗಾಯಿತು. ಆದರೂ ತಪಾಸಣೆಯ ದಿನ ಕೂಸುಗಳ ಕೈ ಎತ್ತಿ ಬಿಟ್ಟು ನೋಡುವುದನ್ನು ಕೊನೆಯವರೆಗೂ ಬಿಡಲಾಗಲಿಲ್ಲ.