ಎಂಟನೆಯ ಬೋಲ್ಟು

ಪೇಟೆಯ ಹಿಂದಿನ ಇಳಿಜಾರು ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಕಿವಿ ಮೇಷ್ಟ್ರು ಎಂದು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಮೆಕ್ಯಾನಿಕ್. ನಲವತ್ತು ವರ್ಷದಿಂದ ಒಂದೇ ಬಗೆಯ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದರು. ಹಳೆಯ ಕಾಲದ ಪುಟ್ಟ ಪೆಟ್ರೋಲ್ ಕಾರಿನ ಎಂಜಿನ್ ಅದು. ಎಂಟುನೂರೈವತ್ತು ಸಿಸಿಗೆ ಕೊಂಚ ಕಡಿಮೆ, ನಾಲ್ಕು ಸಿಲಿಂಡರ್, ಎರಕದ ಕಬ್ಬಿಣದ ಮೈ. ಅದರ ಹೊಟ್ಟೆಯಡಿಯೇ ಗೇರ್ ಪೆಟ್ಟಿಗೆ, ಎರಡಕ್ಕೂ ಒಂದೇ ಎಣ್ಣೆ. ಐದು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿ ವಾಲ್ವುಗಳ ಸಂದು ನೋಡಿಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಓಡುತ್ತದೆ ಎನ್ನುತ್ತಿದ್ದರು. ಮಳೆ ಬಂದರೆ ಮಾತ್ರ ಅದಕ್ಕೆ ದಿಗಿಲು. ಮುಂದಿನ ಜಾಲರಿಯಿಂದ ನೀರು ನುಗ್ಗಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತೊಯ್ದು ಎಂಜಿನ್ ನಿಂತುಬಿಡುತ್ತದೆ. ಮೇಷ್ಟ್ರು ಅದಕ್ಕೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ತೊಡಿಸಿ, ಬೆರಳುಗಳ ತುದಿಯಿಂದ ವೈರುಗಳನ್ನು ಹೊರಗೆಳೆಯುತ್ತಿದ್ದರು. ಅಡುಗೆಮನೆಯಲ್ಲಿ ಕೈಗವಸು ಕಾಣದಾದಾಗಲೆಲ್ಲ ಅವರ ಹೆಂಡತಿ ನೇರ ಬಂದು ಬಾನೆಟ್ ಎತ್ತಿ ನೋಡುತ್ತಿದ್ದರು.

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, "ಮೂರನೇದು ಕೆಮ್ತಿದೆ" ಎಂದರೆ ಬಿಚ್ಚಿದಾಗ ಮೂರನೆಯದೇ ಕೆಟ್ಟಿರುತ್ತಿತ್ತು. ಹೆಸರು ಬಂದದ್ದು ಹಾಗೆ.

ಆ ಹೆಸರೇ ಈಗ ಎರಡು ವರ್ಷದಿಂದ ಅವರನ್ನು ಹೆದರಿಸುತ್ತಿತ್ತು. ಮೊದಲು ಮೊಮ್ಮಗಳ ಪಿಸುಮಾತು ದೂರವಾಯಿತು. ಆಮೇಲೆ ಫೋನಿನ ಗಂಟೆ. ಪಕ್ಕದ ಅಂಗಡಿಯ ತಗಡಿನವನು ದಿನವಿಡೀ ಸುತ್ತಿಗೆ ಬಡಿಯುತ್ತಾನೆ, ಅದರಿಂದಲೇ ಏನೂ ಕೇಳಿಸದು ಎಂದು ಅವರು ಹೆಂಡತಿಗೆ ಹೇಳಿದ್ದರು. ತಮಗೂ ಹಾಗೆಯೇ ಹೇಳಿಕೊಂಡಿದ್ದರು.

ಸೋಮವಾರ ಮಗಳ ಕಾರಿನ ಕೆಲಸ ಮುಗಿಸಿದ್ದರು. ಪಿಸ್ಟನ್ನುಗಳನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಜೋಡಿಸುವ ನಾಲ್ಕು ಕೈಗಳಿಗೂ ಹೊಸ ಬೇರಿಂಗ್. ಕೈಯೊಂದಕ್ಕೆ ಎರಡರಂತೆ ಎಂಟು ಬೋಲ್ಟು. ಅವನ್ನು ಬಿಗಿಯಲು ಟಾರ್ಕ್ ಪಾನ, ಅಂದರೆ ಬಿಗಿತ ಅಳೆಯುವ ಸ್ಪ್ಯಾನರ್, ಬೇಕು. ಹಿಡಿಕೆಯಲ್ಲಿ ಅಂಕಿ ಇಟ್ಟು ಎಳೆದರೆ, ತಕ್ಕಷ್ಟು ಬಿಗಿಯಾದ ಕೂಡಲೇ ಪಾನದೊಳಗೆ 'ಟಕ್' ಎಂಬ ಸಣ್ಣ ಸದ್ದು. ಅಲ್ಲಿಗೆ ಕೈ ನಿಲ್ಲಬೇಕು. ಮುಂದೆ ಎಳೆದರೆ ಬೋಲ್ಟು ಒಳಗೊಳಗೇ ಜಗ್ಗುತ್ತದೆ. ಹೊರಗೆ ಹೊಳೆಯುತ್ತಿರುತ್ತದೆ, ಒಳಗೆ ಸತ್ತಿರುತ್ತದೆ.

ಆ ದಿನ ಪಕ್ಕದಲ್ಲಿ ಸುತ್ತಿಗೆಯ ಸದ್ದು. ಮೇಷ್ಟ್ರು ಕೈ ಸಾಕೆನ್ನುವವರೆಗೆ ಎಳೆದಿದ್ದರು. ಎಂಟನೆಯ ಬೋಲ್ಟು ಕೊನೆಯಲ್ಲಿ ಕೊಂಚ ಮೆತ್ತಗಾಗಿ ತಿರುಗಿತ್ತು. ಎಣ್ಣೆಯ ಜಾರು ಇರಬೇಕು ಎಂದುಕೊಂಡು ಮುಚ್ಚಿಬಿಟ್ಟಿದ್ದರು.

ಗುರುವಾರ ಬೆಳಿಗ್ಗೆ ಮಗಳು ಅದೇ ಕಾರಿನಲ್ಲಿ, ನಾಲ್ಕು ವರ್ಷದ ಮೊಮ್ಮಗಳನ್ನು ಕೂರಿಸಿಕೊಂಡು, ಗುಡ್ಡದಾಚೆಯ ಕಣ್ಣಿನ ಆಸ್ಪತ್ರೆಗೆ ಹೊರಟಳು. ಮೇಷ್ಟ್ರು ಕೈಬೀಸಿ ಬಂದು, ಅದೇ ಟಾರ್ಕ್ ಪಾನ ಹಿಡಿದು, ಗಿರಾಕಿಯೊಬ್ಬರ ಕಾರಿನ ಎಂಜಿನ್ನಿನ ಮೇಲ್ಮುಚ್ಚಳದ ನಟ್ಟು ಬಿಗಿಯಲು ಕೂತರು. ತಗಡಿನವನು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದ.

"ಕೈ ಜಜ್ಕೊಂಡೆ ಮೇಷ್ಟ್ರೇ. ಇವತ್ತು ನನ್ನ ಸುತ್ತಿಗೆಗೆ ರಜೆ, ನಿಮ್ಮ ಕಿವಿಗೆ ಹಬ್ಬ." ಎಣ್ಣೆ ಡಬ್ಬ ಬೋರಲು ಹಾಕಿ ಕೂತ. ಸ್ವಲ್ಪ ಹೊತ್ತು ನೋಡಿ ನಕ್ಕ. "ಆ ನಟ್ಟಿನ ಮೇಲೆ ಏನು ಸೇಡು? ಎಷ್ಟು ಸಲ ಎಳೀತೀರಿ?"

"ಟಕ್ ಅನ್ಲಿ ಇರಯ್ಯ."

"ಅನ್ಲಿ ಅಂದ್ರೆ? ಮೂರು ಸಲ ಅಂತು. ಇಲ್ಲಿ ಕೂತ ನನಗೇ ಕೇಳಿಸ್ತು!"

ಅವನ ನಗು ಅರ್ಧಕ್ಕೇ ನಿಂತಿತು. ಮೇಷ್ಟ್ರ ಮುಖದಲ್ಲಿ ರಕ್ತವಿರಲಿಲ್ಲ. ಪಾನ ಕೈಯಿಂದ ಸಿಮೆಂಟು ನೆಲಕ್ಕೆ ಬಿತ್ತು. ಅದು ಬಿದ್ದ ಸದ್ದೂ ಬಟ್ಟೆಯಲ್ಲಿ ಸುತ್ತಿಟ್ಟ ಹಾಗಿತ್ತು.

ಎಂಟನೆಯ ಬೋಲ್ಟು. ಊರೊಳಗಿನ ಸಪಾಟು ಬೀದಿಯಲ್ಲಿ ಅದು ತಿಂಗಳುಗಟ್ಟಲೆ ತಾಳೀತು. ಗುಡ್ಡದ ಏರಿನಲ್ಲಿ, ಎರಡನೇ ಗೇರಿಗೆ ಎಂಜಿನ್ ಕೂಗುವಾಗ ತಾಳದು. ಅದು ಕಡಿದರೆ ಪಿಸ್ಟನ್ನಿನ ಕೈ ಕಳಚಿ ಎಂಜಿನ್ನಿನ ಗೋಡೆಯನ್ನೇ ಒಡೆಯುತ್ತದೆ, ಎಂಜಿನ್ ತಿರುಗದೆ ಕಚ್ಚಿಕೊಳ್ಳುತ್ತದೆ, ಜೊತೆಗೆ ಮುಂದಿನ ಚಕ್ರಗಳೂ. ಗುಡ್ಡದ ರಸ್ತೆಗೆ ಪ್ರಪಾತದ ಕಡೆ ತಡೆಗೋಡೆಯಿಲ್ಲ. ಮಗಳು ಹೊರಟು ಇಪ್ಪತ್ತೈದು ನಿಮಿಷವಾಗಿತ್ತು. ಏರು ಶುರುವಾಗುವುದು ಅರ್ಧ ಗಂಟೆಯ ದೂರದಲ್ಲಿ.

ಫೋನ್ ಹಚ್ಚಿದರು. ಗಂಟೆ ಆಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಅಂಗಡಿಯ ಹಿಂದಿನ ಮನೆಗೆ ಓಡಿ ಹೆಂಡತಿಯ ಕೈಗಿತ್ತರು. "ಮಗಳಿಗೆ... ಗಾಡಿ ನಿಲ್ಸು ಅನ್ನು."

"ಏನಾಯ್ತು ರೀ?"

"ಮೊದಲು ಮಾಡೇ!"

ಆಕೆ ಕಿವಿಗಿಟ್ಟುಕೊಂಡರು. "ರಿಂಗ್ ಆಗ್ತಿದೆ. ಎತ್ತುತ್ತಿಲ್ಲ." ಮತ್ತೆ ಮಾಡಿದರು. ಮತ್ತೆ. ಗೋಡೆ ಗಡಿಯಾರದ ಮುಳ್ಳು ಸರಿಯುವುದನ್ನು ಮೇಷ್ಟ್ರು ನೋಡುತ್ತಿದ್ದರು. ಅದೂ ಸದ್ದಿಲ್ಲದೆ ಸರಿಯುತ್ತಿತ್ತು. ಅದು ಎಂದಿನಿಂದ ಹೀಗೆ ಎಂದು ಅವರಿಗೆ ನೆನಪಾಗಲಿಲ್ಲ.

"ಹಲೋ! ಪುಟ್ಟಿಗೆ ನೀರು ಕುಡಿಸೋಕೆ ನಿಲ್ಸಿದಾಳಂತೆ, ಏರಿನ ಹತ್ರಾನೇ. ಈಗ ಹೊರಟೆ ಅಂತಾಳೆ. ಗಾಡಿ ಚೆನ್ನಾಗೇ ಓಡ್ತಿದೆಯಂತೆ. ಡಾಕ್ಟರು ತಪ್ಪಿದ್ರೆ ಇನ್ನು ತಿಂಗಳು ಬಿಟ್ಟೇ ಅಂತೆ. ಅಪ್ಪನಿಗೆ ಯಾವಾಗಲೂ ಗಾಬರಿ ಅಂತಾಳೆ ರೀ. ಏನು ಹೇಳ್ಲಿ?"

ಪೆಟ್ರೋಲ್ ಸೋರುತ್ತಿರಬಹುದು ಎನ್ನಬಹುದಿತ್ತು. ಇಳಿದು ನೋಡಿ, ಸೋರುತ್ತಿಲ್ಲವೆಂದು ಹೊರಟುಬಿಡುತ್ತಿದ್ದಳು. ಅಪ್ಪ ಕಟ್ಟಿದ ಎಂಜಿನ್ ಮೇಲೆ ಅವಳಿಗೆ ಅಷ್ಟು ನಂಬಿಕೆ. ಮೇಷ್ಟ್ರು ಫೋನ್ ಕಸಿದುಕೊಂಡರು.

"ಮಗಳೇ, ನನಗೆ ಕಿವಿ ಕೇಳಲ್ಲ. ಎರಡು ವರ್ಷ ಆಯ್ತು. ಬೋಲ್ಟು ಬಿಗಿಯುವಾಗ ಟಕ್ ಅಂದದ್ದು ನನಗೆ ಕೇಳಿಲ್ಲ. ಒಂದು ಹಾಳಾಗಿದೆ. ಆಫ್ ಮಾಡು. ಮಗು ಎತ್ಕೊಂಡು ಕೆಳಗಿಳಿ."

ಆಚೆಯಿಂದ ಏನೂ ಬರಲಿಲ್ಲ. ಅವಳು ಸುಮ್ಮನಿದ್ದಾಳೋ, ಏನೋ ಹೇಳುತ್ತಿದ್ದಾಳೋ, ಗಾಡಿಯೇ ಹೊರಟಿದೆಯೋ? ಹೆಂಡತಿ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಫೋನ್ ತೆಗೆದುಕೊಂಡರು.

"ಏನಂದ್ಳು? ಏನಂದ್ಳೇ?"

"ಅಳ್ತಿದಾಳೆ." ಆಕೆ ಬಾಯಿ ಚೆನ್ನಾಗಿ ತೆರೆದು, ತುಟಿ ಕಾಣುವಂತೆ ಹೇಳಿದರು. "ಆಫ್ ಮಾಡಿದಾಳೆ. ಇಳಿದಿದಾಳೆ."

ಕಾರನ್ನು ಎಳೆದು ತರಲು ತಗಡಿನವನ ವ್ಯಾನು, ಒಂದು ಹಗ್ಗ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಮನೆಯಲ್ಲಿದ್ದರು. ಆ ಬೋಲ್ಟನ್ನು ನೋಡಬೇಕಾದರೆ ಇಡೀ ಎಂಜಿನ್ ಕೆಳಗಿಳಿಸಬೇಕು. ಇಳಿಸಲು ಎರಡು ದಿನ ಹಿಡಿಯಿತು. ಎಂಟನೆಯದನ್ನು ಹೊಸದೊಂದರ ಪಕ್ಕದಲ್ಲಿಟ್ಟರು. ಹೊಸದಕ್ಕಿಂತ ಉಗುರಿನ ದಪ್ಪದಷ್ಟು ಉದ್ದವಾಗಿತ್ತು, ನಡು ಸಣ್ಣಗಾಗಿತ್ತು. ಮಗಳು ಅದನ್ನು ಅಂಗೈಯಲ್ಲಿಟ್ಟು ತುಂಬ ಹೊತ್ತು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಮೇಷ್ಟ್ರಿಗೆ.

ಎಂಟೂ ಹೊಸ ಬೋಲ್ಟು ತಂದರು. ಹೆಂಡತಿ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತು, ಒಂದು ಕೈಯನ್ನು ಅವರ ಭುಜದ ಮೇಲಿಟ್ಟರು.

"ಟಕ್ ಅಂದ ಕೂಡಲೇ ಒತ್ತಬೇಕು. ನಿನ್ನೆ ನೋಡಿದ ಧಾರಾವಾಹಿ ಯೋಚ್ನೆ ಮಾಡ್ತಾ ಕೂತ್ಕೋಬೇಡ."

"ನನ್ನ ಕೈಗವಸು ಕದ್ದೋರು ನನಗೆ ಬುದ್ಧಿ ಹೇಳ್ತೀರಾ? ಎಳೀರಿ."

ಮೇಷ್ಟ್ರು ಎಳೆದರು. ಆಕೆ ಭುಜವನ್ನು ಒತ್ತಿದರು. ಅವರು ನಿಲ್ಲಿಸಿದರು. ಏಳು ಸಲ ಹಾಗೇ. ಎಂಟನೆಯದಕ್ಕೆ ಪಾನ ಇಟ್ಟರು. ಬಾಗಿಲಲ್ಲಿ ಮಗಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮೇಷ್ಟ್ರು ನಿಧಾನವಾಗಿ ಎಳೆಯತೊಡಗಿದರು, ತಮ್ಮ ಪ್ರಾಣವೆಲ್ಲ ಭುಜದ ಮೇಲಿನ ಆ ಐದು ಬೆರಳುಗಳಲ್ಲಿ ಇಟ್ಟು.